ಮೊದಲು ಅಕೌಸ್ಟಿಕ್, ಆಮೇಲೆ ನೋಡೋಣ

ಮನೆಯಲ್ಲಿ ಮಕ್ಕಳು ಗಿಟಾರು ಕಲಿಯುತ್ತೇನೆ ಎಂದರೆ ಹಿರಿಯರ ಬಾಯಿಂದ ಬರುವ ಮಾತು ಒಂದೇ: "ಮೊದಲು ಅಕೌಸ್ಟಿಕ್ ಕಲಿ, ಎಲೆಕ್ಟ್ರಿಕ್ ಆಮೇಲೆ ನೋಡೋಣ." ಜನ್ಮದಲ್ಲಿ ಗಿಟಾರು ಮುಟ್ಟದವರೂ ಇದನ್ನು ಹೇಳುತ್ತಾರೆ. ಜ್ವರ ಬಂದವರಿಗೆ ಗಂಜಿ ಕುಡಿಸಬೇಕು ಎನ್ನುವಷ್ಟೇ ಖಚಿತವಾಗಿ ಹೇಳುತ್ತಾರೆ. ಯಾಕೆ ಎಂದು ಕೇಳಿದರೆ ಎರಡು ಉತ್ತರ. ಅಕೌಸ್ಟಿಕ್ಕಿನಲ್ಲಿ ಬೆರಳು ಗಟ್ಟಿಯಾಗುತ್ತದೆ ಎಂಬುದು ಒಂದು. ಎಲೆಕ್ಟ್ರಿಕ್ ಎಂದರೆ ಬರೀ ಗಲಾಟೆ, ಅದು ಸಂಗೀತವಲ್ಲ ಎಂಬುದು ಇನ್ನೊಂದು. ಮೊದಲನೆಯದು ಅರ್ಧ ಸತ್ಯ, ಎರಡನೆಯದು ಪೂರ್ತಿ ಸುಳ್ಳು. ಇವೆರಡರ ನಡುವೆ ಸಿಕ್ಕಿಕೊಂಡ ಮಕ್ಕಳು ಗಿಟಾರನ್ನೇ ಬಿಟ್ಟುಬಿಡುತ್ತಾರೆ. ನನ್ನ ತಕರಾರು ಅದು.

ಬೆರಳಿನ ವಿಷಯವನ್ನೇ ಮೊದಲು ತೆಗೆದುಕೊಳ್ಳೋಣ. ಉಕ್ಕಿನ ತಂತಿಯ ಅಕೌಸ್ಟಿಕ್ ಗಿಟಾರಿಗೆ ಸಾಮಾನ್ಯವಾಗಿ ಹಾಕುವ ಆರು ತಂತಿಗಳು ಸೇರಿ ಸುಮಾರು 70 ಕೆ.ಜಿ. ಬಲದಿಂದ ಬಿಗಿದುಕೊಂಡಿರುತ್ತವೆ. ಎಲೆಕ್ಟ್ರಿಕ್ಕಿನ ತೆಳು ತಂತಿಗಳ ಎಳೆತ 40 ಕೆ.ಜಿ.ಯ ಆಸುಪಾಸಿನದು. ಕಾರಣ ಸರಳ. ಅಕೌಸ್ಟಿಕ್ಕಿನಲ್ಲಿ ತಂತಿಯೇ ಮರದ ಹಲಗೆಯನ್ನು ಅಲ್ಲಾಡಿಸಿ ನಾದ ಹುಟ್ಟಿಸಬೇಕು. ಅದಕ್ಕೆ ದಪ್ಪ ತಂತಿ, ಬಿಗಿ ಎಳೆತ ಬೇಕು. ಎಲೆಕ್ಟ್ರಿಕ್ಕಿನಲ್ಲಿ ತಂತಿಯ ಕೆಳಗೆ ಅಯಸ್ಕಾಂತವಿದೆ, ಅದರ ಸುತ್ತ ಕೂದಲೆಳೆಯಂಥ ತಾಮ್ರದ ತಂತಿಯ ಸುರುಳಿಯಿದೆ. ಉಕ್ಕಿನ ತಂತಿ ಮೇಲೆ ನಡುಗಿದರೆ ಸುರುಳಿಯಲ್ಲಿ ಒಂದಿಷ್ಟೇ ಇಷ್ಟು ವಿದ್ಯುತ್ತು ಹುಟ್ಟುತ್ತದೆ. ಅದನ್ನು ದೊಡ್ಡದು ಮಾಡುವ ಕೆಲಸ ಆಂಪ್ಲಿಫೈಯರಿನದು, ಮಗುವಿನ ಬೆರಳಿನದಲ್ಲ. ದಿನಾ ನುಡಿಸಿದರೆ ಎರಡರಲ್ಲೂ ಬೆರಳು ಗಟ್ಟಿಯಾಗುತ್ತದೆ. ನುಡಿಸದಿದ್ದರೆ ಯಾವುದರಲ್ಲೂ ಆಗುವುದಿಲ್ಲ. ನಾಳೆಯೂ ನುಡಿಸೋಣ ಎಂಬ ಆಸೆ ಯಾವುದರಲ್ಲಿ ಉಳಿಯುತ್ತದೆ ಎನ್ನುವುದಷ್ಟೇ ಪ್ರಶ್ನೆ. (ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರು ಬೆರಳಿಗೆ ಮೃದು, ಒಪ್ಪಿದೆ. ಆದರೆ ಅದರ ಕುತ್ತಿಗೆ ಅಗಲ, ಚಿಕ್ಕ ಕೈಗೆ ಹಿಡಿತ ಸಿಗುವುದು ಕಷ್ಟ.)

ಇಷ್ಟೆಲ್ಲ ಹೇಳಿದ್ದು ಒಳ್ಳೆಯ ಅಕೌಸ್ಟಿಕ್ಕಿನ ಬಗ್ಗೆ. ನಮ್ಮ ಮಕ್ಕಳ ಕೈಗೆ ಬರುವುದು ಒಳ್ಳೆಯದಲ್ಲ, ಅಂಗಡಿಯಲ್ಲಿ ನೇತುಹಾಕಿದ್ದರಲ್ಲಿ ಅತಿ ಅಗ್ಗದ್ದು. ಅದು ನಮ್ಮ ಮಲೆನಾಡಿನ ಒಂದು ಮಳೆಗಾಲ ಕಂಡರೆ ಮುಗಿಯಿತು. ತೇವ ಹೀರಿಕೊಂಡು ಎದುರಿನ ಹಲಗೆ ಹೊಟ್ಟೆ ಉಬ್ಬುತ್ತದೆ, ತಂತಿ ಹೊತ್ತ ಕುದುರೆ ಮೇಲೇಳುತ್ತದೆ, ಕೆಲವಲ್ಲಿ ಅಂಟು ಬಿಟ್ಟು ಕಿತ್ತೇ ಬರುತ್ತದೆ. ಹಿಂದೆ ಚಲಾವಣೆಗೆ ಬಂದ ದಪ್ಪನೆಯ ಐದು ರೂಪಾಯಿ ನಾಣ್ಯ ಮನೆಯಲ್ಲಿದ್ದರೆ ಹನ್ನೆರಡನೇ ಮೆಟ್ಟಿಲಿನ ಬಳಿ ತಂತಿಯ ಕೆಳಗೆ ತೂರಿಸಿ ನೋಡಿ. ಸಲೀಸಾಗಿ ಹೋಯಿತೇ? ಹಾಗಿದ್ದರೆ ಅದು ಕಲಿಯುವವರ ಗಿಟಾರಲ್ಲ, ಶಿಕ್ಷೆ ಕೊಡುವವರ ಗಿಟಾರು. ಎಲೆಕ್ಟ್ರಿಕ್ಕಿನದು ಗಟ್ಟಿ ಮರದ ಹಲಗೆ. ತಂತಿಗೆ ತುಕ್ಕು ಅದಕ್ಕೂ ಹಿಡಿಯುತ್ತದೆ, ಆದರೆ ಉಬ್ಬಲು ಅದಕ್ಕೆ ಹೊಟ್ಟೆಯೇ ಇಲ್ಲ. ಕುದುರೆಯ ಎತ್ತರವನ್ನು ಸಣ್ಣ ಸ್ಕ್ರೂ ತಿರುಗಿಸಿ ಮನೆಯಲ್ಲೇ ಸರಿಮಾಡಿಕೊಳ್ಳಬಹುದು.

ನನ್ನ ಅಣ್ಣನ ಮಗಳು ಎಂಟನೇ ಕ್ಲಾಸಿನಲ್ಲಿದ್ದಾಗ ಗಣಪತಿ ಪೆಂಡಾಲಿನ ಆರ್ಕೆಸ್ಟ್ರಾ ಕೇಳಿ ಬಂದವಳು, "ಚಿಕ್ಕಪ್ಪ, ತಂತಿ ಎಳೆದು ಅಳಿಸಿದ ಹಾಗೆ ನುಡಿಸ್ತಾರಲ್ಲ, ನಂಗೆ ಅದು ಬೇಕು" ಎಂದಳು. ಎಷ್ಟು ಸ್ಪಷ್ಟವಾದ ಬೇಡಿಕೆ ನೋಡಿ! ತಂತಿಯನ್ನು ಪಕ್ಕಕ್ಕೆಳೆದು ಸ್ವರವನ್ನು ಏರಿಸುವ ಆ ಕೆಲಸ ಆಗುವುದು ತೆಳು ತಂತಿಯಲ್ಲಿ. ಎಲೆಕ್ಟ್ರಿಕ್ ತೆಗೆಸಿಕೊಡು ಎಂದು ಅಣ್ಣನಿಗೆ ಹೇಳಿದೆ. ಅವನು ಪೇಟೆಯ ಒಬ್ಬ ಮಾಸ್ತರರನ್ನು ಕೇಳಿದ. ಎರಡು ವರ್ಷ ಅಕೌಸ್ಟಿಕ್ ಆಗದೆ ಎಲೆಕ್ಟ್ರಿಕ್ ಮುಟ್ಟಕೂಡದು ಎಂದು ಅವರು ಅಪ್ಪಣೆ ಕೊಡಿಸಿದರು. ಸರಿ, ಅಕೌಸ್ಟಿಕ್ ಬಂತು. ಮೂರು ತಿಂಗಳು ಬೆರಳ ತುದಿ ಕೆಂಪಾಗಿಸಿಕೊಂಡು ಒಂದೇ ಸ್ವರಗುಚ್ಛ ಒತ್ತಿದಳು. ಆಷಾಢದಲ್ಲಿ ಕುದುರೆ ಎದ್ದಿತು. ಅವಳು ಕೂತಳು. ಆ ಗಿಟಾರು ಇವತ್ತಿಗೂ ಬೀರುವಿನ ತಲೆಯ ಮೇಲೆ ಹಳೆಯ ಸೂಟ್‌ಕೇಸಿನ ಪಕ್ಕ ಇದೆ. ಅವಳೀಗ ಕಾಲೇಜು ಓದುತ್ತಾಳೆ. ಸಂಗೀತದ ಮಾತೆತ್ತಿದರೆ, "ನಂಗೆ ಅದೆಲ್ಲ ಬರಲ್ಲ, ಬಿಡು ಚಿಕ್ಕಪ್ಪ" ಎನ್ನುತ್ತಾಳೆ. ಬರುವುದಿಲ್ಲ ಎಂದು ಅವಳಿಗೆ ಹೇಳಿಕೊಟ್ಟವರು ಯಾರು? ಗಿಟಾರು ಮೂಲೆ ಸೇರಿದ್ದಕ್ಕೆ ನನಗೆ ಅಷ್ಟು ಬೇಸರವಿಲ್ಲ. ಆ ಹುಡುಗಿ ತನ್ನ ಬಗ್ಗೆ ಕಲಿತ ಈ ಸುಳ್ಳಿಗೆ ಸಿಟ್ಟು ಬರುತ್ತದೆ.

ಇನ್ನು ಶುದ್ಧದ ಮಾತು. ಅಕೌಸ್ಟಿಕ್ ಸಹಜ, ಎಲೆಕ್ಟ್ರಿಕ್ ಕೃತಕವಂತೆ. ನೈಲಾನ್ ತಂತಿ ಗಿಟಾರಿಗೆ ಬಂದದ್ದು 1940ರ ದಶಕದಲ್ಲಿ, ಅದಕ್ಕೆ ಮೊದಲು ಪ್ರಾಣಿಗಳ ಕರುಳಿನ ತಂತಿಯಿತ್ತು. ಉಕ್ಕಿನ ತಂತಿಯ ದೊಡ್ಡ ಹೊಟ್ಟೆಯ ಗಿಟಾರನ್ನು ಅಮೆರಿಕದವರು ಬೆಳೆಸಿದ್ದೇ ಸದ್ದು ಜೋರಾಗಲಿ ಎಂದು. ಅಷ್ಟಾದರೂ ವಾದ್ಯಮೇಳದ ತುತ್ತೂರಿಗಳ ನಡುವೆ ಗಿಟಾರು ಕೇಳಿಸಲಿಲ್ಲ. 1930ರ ದಶಕದಲ್ಲಿ ವಿದ್ಯುತ್ ಗಿಟಾರು ಬಂದಮೇಲೆ, 1939ರಲ್ಲಿ ಬೆನ್ನಿ ಗುಡ್‌ಮನ್ ಮೇಳ ಸೇರಿದ ಚಾರ್ಲಿ ಕ್ರಿಶ್ಚಿಯನ್ ಎಂಬ ತರುಣ ಗಿಟಾರಿಗೂ ಸ್ವಂತ ದನಿಯಿದೆ ಎಂದು ತೋರಿಸಿದ. ಅಂದರೆ ನಮ್ಮ 'ಸಹಜ' ಮತ್ತು 'ಕೃತಕ'ಗಳ ನಡುವೆ ಒಂದು ತಲೆಮಾರಿನ ಅಂತರವೂ ಸರಿಯಾಗಿ ಇಲ್ಲ.

ಶುದ್ಧದ ಹೆಸರಿನಲ್ಲಿ ನಾವು ಈ ಹಿಂದೆಯೂ ಬೇಕಾದಷ್ಟು ನಗೆಪಾಟಲಾಗಿದ್ದೇವೆ. 1940ರಿಂದ 1971ರವರೆಗೆ ಆಕಾಶವಾಣಿ ಹಾರ್ಮೋನಿಯಮ್ಮನ್ನು ಹೊರಗಿಟ್ಟಿತ್ತು. ಅದೇ ಹೊತ್ತಿಗೆ ನಮ್ಮ ಕಂಪೆನಿ ನಾಟಕಗಳು ನಿಂತಿದ್ದು ಹಾರ್ಮೋನಿಯಂ ಮಾಸ್ತರರ ಕಾಲಿನ ಮೇಲೆ. ಇವತ್ತು ಯಾವ ಹಿಂದೂಸ್ತಾನಿ ಕಚೇರಿಯಲ್ಲಿ ಹಾರ್ಮೋನಿಯಂ ಇಲ್ಲ ಹೇಳಿ. ಕರ್ನಾಟಕ ಸಂಗೀತದ ಕಡೆ ಬಂದರೆ ವೇದಿಕೆಯ ವೀಣೆಗೆ ಮೈಗಂಟಿಸಿದ ಮೈಕು, ಗಾಯಕರ ಹಿಂದೆ ತಂಬೂರಿಯ ಬದಲು ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ. ಮುಂದಿನ ಸಾಲಿನಲ್ಲಿ ಕೂತು ತಲೆದೂಗಿದ ಮಹನೀಯರೇ ಮನೆಗೆ ಬಂದು ಮೊಮ್ಮಗನಿಗೆ, "ಕರೆಂಟಿನ ಗಿಟಾರು ಬೇಡ ಮಗಾ" ಎನ್ನುತ್ತಾರೆ. ಶರಾವತಿಯ ಕರೆಂಟಿಗೆ ಊರು ಮುಳುಗಿಸಿಕೊಂಡ ಸೀಮೆಯವರ ಬಾಯಲ್ಲಿ ಈ ಮಾತು ಕೇಳುವಾಗ ನನಗೆ ನಗು ಬರುತ್ತದೆ.

ಮ್ಯಾಂಡೊಲಿನ್ ಶ್ರೀನಿವಾಸರನ್ನು ನೆನಪಿಸಿಕೊಳ್ಳಿ. 1969ರಲ್ಲಿ ಹುಟ್ಟಿ 2014ರಲ್ಲಿ ತೀರಿಕೊಂಡ ಅವರು ಮಗುವಾಗಿದ್ದಾಗಲೇ ವಿದ್ವಾಂಸರನ್ನು ಬೆರಗುಗೊಳಿಸಿದವರು. ಮಾಮೂಲಿ ಮ್ಯಾಂಡೊಲಿನ್ನಿನಲ್ಲಿ ಜೋಡಿ ತಂತಿ. ಮೀಟಿದ ಸ್ವರ ಅಲ್ಲೇ ಸಾಯುತ್ತದೆ. ಸ್ವರ ಸತ್ತ ಮೇಲೆ ಗಮಕ ಎಲ್ಲಿಂದ ಬರಬೇಕು? ಅವರು ಹಿಡಿದದ್ದು ಒಂಟಿ ತಂತಿಗಳ ಎಲೆಕ್ಟ್ರಿಕ್ ಮ್ಯಾಂಡೊಲಿನ್. ಮೀಟಿದ್ದು ಉಳಿಯಿತು, ಉಳಿದದ್ದನ್ನು ಎಳೆದು ಓಲಾಡಿಸಲು ಸಾಧ್ಯವಾಯಿತು. ಅಲ್ಲಿ ವಿದ್ಯುತ್ತು ಗಲಾಟೆ ಮಾಡಲಿಲ್ಲ, ಗಮಕ ಮಾಡಿತು. ಗಿಟಾರಿನಲ್ಲಿ ಕೀರ್ತನೆ ನುಡಿಸುವ ಪ್ರಸನ್ನ ಅವರ ಕೈಯಲ್ಲಿರುವುದೂ ಎಲೆಕ್ಟ್ರಿಕ್ ಗಿಟಾರೇ.

ಹಾಗೆಂದು ಅಕೌಸ್ಟಿಕ್ ಬೇಡವೇ? ಯಾರು ಹೇಳಿದರು! ಹಾಡುತ್ತ ಜೊತೆಗೆ ಬಾರಿಸಿಕೊಳ್ಳಬೇಕು, ಗೆಳೆಯರ ನಡುವೆ ಒಂದು ಭಾವಗೀತೆ ಹೇಳಬೇಕು ಎನ್ನುವ ಮಗುವಿಗೆ ಅಕೌಸ್ಟಿಕ್ಕೇ ಸರಿ. ಅದನ್ನು ಎಲೆಕ್ಟ್ರಿಕ್ಕಿನಲ್ಲಿ ಮಾಡಹೊರಟರೆ ಸಪ್ಪೆ. ಒಳ್ಳೆಯ ಮರದ ಗಿಟಾರನ್ನು ಎದೆಗವಚಿಕೊಂಡಾಗ ಅದರ ಕಂಪನ ಪಕ್ಕೆಲುಬಿಗೆ ಮುಟ್ಟುವ ಸುಖ ಬೇರೆ. ನಾನು ಹೇಳುವುದು ಇಷ್ಟೇ: ಇವು ಒಂದನೇ ಕ್ಲಾಸು, ಎರಡನೇ ಕ್ಲಾಸು ಅಲ್ಲ. ಎರಡು ಬೇರೆ ವಾದ್ಯಗಳು. ಕೊಳಲು ಪಾಸಾಗಿ ಬಾ, ಆಮೇಲೆ ನಾಗಸ್ವರ ಕೊಡಿಸುತ್ತೇನೆ ಎಂದು ಯಾರಾದರೂ ಹೇಳುತ್ತಾರೆಯೇ?

ಖರ್ಚು ಹೆಚ್ಚು ಎಂಬುದು ನಿಜವಾದ ಆಕ್ಷೇಪ, ಒಪ್ಪುತ್ತೇನೆ. ಗಿಟಾರಿನ ಜೊತೆ ಕೇಬಲ್ಲು ಬೇಕು, ಆಂಪ್ಲಿಫೈಯರ್ ಬೇಕು. ಮನೆಗೆ 10 ವಾಟಿನ ಪುಟ್ಟ ಪೆಟ್ಟಿಗೆ ಧಾರಾಳ ಸಾಕು, ಪೆಂಡಾಲಿನಷ್ಟು ದೊಡ್ಡದು ಯಾಕೆ? ಅಕ್ಕಪಕ್ಕದವರ ನಿದ್ದೆಯ ಚಿಂತೆಯೇ? ಇಯರ್‌ಫೋನು ಸಿಕ್ಕಿಸಿದರೆ ಹುಡುಗಿ ಒಬ್ಬಳಿಗೇ ಕೇಳುತ್ತದೆ. ಕರೆಂಟು ಹೋದರೆ ಪ್ಲಗ್ಗಿಲ್ಲದೆಯೇ ನುಡಿಸಲಿ, ಅಭ್ಯಾಸಕ್ಕೆ ಬೇಕಾದಷ್ಟು ಸಣ್ಣ ಸದ್ದು ಬಂದೇ ಬರುತ್ತದೆ. ಪಕ್ಕದ ಕೋಣೆಯ ಅಜ್ಜನಿಗೆ ಎಚ್ಚರವಾಗುವುದು ಅಕೌಸ್ಟಿಕ್ಕಿಗೇ ಹೊರತು ಅದಕ್ಕಲ್ಲ. ಒಂದು ಎಚ್ಚರಿಕೆ ಮಾತ್ರ ಹೇಳಬೇಕು. ಹಳೆಯ ಮನೆಗಳಲ್ಲಿ ಅರ್ತಿಂಗ್ ಇರುವುದಿಲ್ಲ. ಎರಡು ಪಿನ್ನಿನ ಪ್ಲಗ್ಗಿಗೆ ಜೋಡಿಸಿದರೆ ಆಂಪ್ಲಿಫೈಯರ್ ಜೇನುಗೂಡಿನಂತೆ ಗುಂಯ್‌ಗುಡುತ್ತದೆ, ತಂತಿ ಮುಟ್ಟಿದ ಕೈ ಜುಮ್ಮೆನ್ನಲೂಬಹುದು. ಲೈನಿನವರನ್ನು ಕರೆಸಿ ಅರ್ತಿಂಗ್ ಹಾಕಿಸಿ. ಬಚ್ಚಲಮನೆಯ ಗೀಜರಿಗೆ ಅದನ್ನು ನೀವು ಎಂದೋ ಹಾಕಿಸಬೇಕಾಗಿತ್ತು.