ಸತ್ತು ಮಲಗಿದ ಲೋಹಿತಾಶ್ವನದು ಯಾವ ಭಾಷೆ?

ಒಂದು ನಾಟಕ ಸ್ಪರ್ಧೆಯ ನಿಯಮಾವಳಿಯಲ್ಲಿ ಹೀಗೊಂದು ಸಾಲಿತ್ತು: ಅನ್ಯಭಾಷೆಯ ಸಂಭಾಷಣೆಗೆ ಅಂಕ ಕಳೆಯಲಾಗುವುದು. ನಾನು ಬರೆದ ನಾಟಕದಲ್ಲಿ ಅಪ್ಪ ತೆಲುಗಿನಲ್ಲಿ ನಾಲ್ಕು ಮಾತಾಡುತ್ತಿದ್ದ, ಮಗ ಕನ್ನಡದಲ್ಲಿ ಉತ್ತರ ಕೊಡುತ್ತಿದ್ದ. ಕೌಲ್ ಬಜಾರಿನ ಯಾವ ಓಣಿಯಲ್ಲಿ ನಿಂತರೂ ಕಿವಿಗೆ ಬೀಳುವ ಮಾತುಕತೆ ಅದು. ಅಲ್ಲಿ ಉರ್ದುವೂ ಸೇರಿರುತ್ತದೆ. ಅಂಕ ಹೋಯಿತು, ಹೋಗಲಿ. ಆದರೆ ತೀರ್ಪುಗಾರರೊಬ್ಬರು ‘ಸಂವಹನ ಆಗಲಿಲ್ಲ’ ಅಂದರಲ್ಲ, ಅದಕ್ಕೆ ನನ್ನ ತಕರಾರಿದೆ.

ನಮ್ಮಪ್ಪ ಗುಂತಕಲ್ ಕಡೆಯವರು. ಕೌಲ್ ಬಜಾರಿನ ಜೀನ್ಸ್ ಹೊಲಿಯುವ ಕಡೆ ಕಟಿಂಗ್ ಮಾಸ್ಟರ್. ನಾನು ಏಳನೇ ಕ್ಲಾಸಿನವರೆಗೆ ಹಡಗಲಿಯ ಅಜ್ಜಿಯ ಮನೆಯಲ್ಲಿ ಬೆಳೆದವನು. ಅಪ್ಪನನ್ನು ‘ನಾಯ್ನಾ’ ಅಂತ ಕರೆಯುತ್ತಿದ್ದೆ, ಅದರಾಚೆ ನನ್ನ ತೆಲುಗು ಹೋಗುತ್ತಿರಲಿಲ್ಲ. ಅವರ ಕನ್ನಡ ಊಟ, ದುಡ್ಡು, ಜ್ವರ ಇಷ್ಟಕ್ಕೆ ಮುಗಿಯುತ್ತಿತ್ತು. ಉಳಿದದ್ದನ್ನೆಲ್ಲ ಅವ್ವ ಆ ಕಡೆಯಿಂದ ಈ ಕಡೆಗೆ ದಾಟಿಸಬೇಕು. ಅವ್ವ ಸಂತೆಗೆ ಹೋದಳೆಂದರೆ ಮನೆಯಲ್ಲಿ ಗಡಿಯಾರದ್ದೇ ಸದ್ದು.

ಅಪ್ಪ ಹರಿಶ್ಚಂದ್ರನ ಪಾತ್ರ ಮಾಡುತ್ತಿದ್ದರು. ತೆಲುಗಿನವರು ‘ಕಾಟಿ ಸೀನು’ ಅನ್ನುವ ಸ್ಮಶಾನದ ದೃಶ್ಯ ಅವರ ಹೆಮ್ಮೆ. ಒಂದು ರಾತ್ರಿ ಲೋಹಿತಾಶ್ವನಾಗಬೇಕಿದ್ದ ಹುಡುಗ ಬರಲಿಲ್ಲ. ಹೆಣಕ್ಕೆ ಮಾತೇನು ಬೇಕು? ನನ್ನನ್ನು ಮಲಗಿಸಿದರು. ಸುಡುವ ಸುಂಕ ಕೊಡದೆ ಚಿತೆ ಮುಟ್ಟಬೇಡ ಎಂದು ಹೆಂಡತಿಯನ್ನೇ ತಡೆಯುವ ಆ ಮನುಷ್ಯ ನನ್ನ ತಲೆಯ ಮೇಲೆಯೇ ನಿಂತಿದ್ದ. ಪದ್ಯದ ಒಂದು ಪದವೂ ನನಗೆ ತಿಳಿಯಲಿಲ್ಲ. ಕಥೆ ಮಾತ್ರ ಗೊತ್ತಿತ್ತು. ರಾಘವಾಂಕನ ನಾಡಿನ ಹುಡುಗನಿಗೆ ಅದನ್ನು ಯಾರು ಅನುವಾದಿಸಬೇಕು? ಅಪ್ಪ ರಾಗ ಎಳೆಯುತ್ತ ಎಳೆಯುತ್ತ ನನ್ನ ಮುಖ ಕಂಡದ್ದೇ ತಡ ಉಸಿರು ತಪ್ಪಿದರು. ಹಾರ್ಮೋನಿಯಂನವನು ಕಾದ. ಜನ ಒನ್ಸ್ ಮೋರ್ ಕೂಗಿದರು, ನಾನು ಮತ್ತೊಮ್ಮೆ ಸತ್ತೆ. ಎರಡನೇ ಸಲವೂ ಅದೇ ಜಾಗದಲ್ಲಿ ಉಸಿರು ತಪ್ಪಿತು.

ಬಣ್ಣ ಒರೆಸಿಕೊಳ್ಳುವಾಗ ಅಪ್ಪ ಕೇಳಿದ್ದು ಕನ್ನಡದಲ್ಲಿ: “ಸೊಳ್ಳೆ ಕಡೀತಾ?”

ಆಮೇಲೆ ಅವರು ಪದ್ಯ ಹೇಳುವುದು, ನಾನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳುವುದು ಶುರುವಾಯಿತು. ನನ್ನ ನೋಟ್‌ಬುಕ್ಕನ್ನು ಬೆಳಕಿಗೆ ಹಿಡಿದು, ಇದು ನಮ್ಮ ಅಕ್ಷರವೇ, ತಲೆಕಟ್ಟು ಮಾತ್ರ ಬೇರೆ ಎಂದು ನಕ್ಕರು. ಅರ್ಥ ಬಿಡಿಸಿ ಹೇಳಲು ಅವರಿಗೆ ಕನ್ನಡದ ಪದಗಳು ಬೇಕಾದವು, ನನ್ನನ್ನೇ ಕೇಳಿ ಕಲಿತರು. ಅಪ್ಪನಿಗೆ ಕನ್ನಡ ಬಂದದ್ದು ತೆಲುಗು ನಾಟಕದಿಂದ. ಅಂಕ ಕಳೆಯುವವರು ಇದನ್ನು ಯಾವ ಕಾಲಮ್ಮಿನಲ್ಲಿ ಬರೆಯುತ್ತಾರೆ?

ಗಡಿಯ ಊರು, ಕನ್ನಡ ಉಳಿಯಬೇಡವೇ ಅನ್ನುತ್ತಾರೆ. ಆ ಭಯ ಸುಳ್ಳಲ್ಲ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು, ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ನಮ್ಮೂರಿನ ರಂಜಾನ್ ಸಾಬ್ ಆ ಹೋರಾಟದಲ್ಲಿ ಪ್ರಾಣವನ್ನೇ ಕೊಟ್ಟರು. ಆದರೆ ಆಡಳಿತದ ಭಾಷೆಗೆ ಹಾಕಿದ ಬೇಲಿಯನ್ನು ರಂಗದ ಮೇಲೂ ಯಾಕೆ ತಂದು ನೆಡಬೇಕು?

ಈ ಊರಿನ ರಂಗಭೂಮಿ ಹುಟ್ಟಿದ್ದೇ ಹಲವು ನಾಲಿಗೆಗಳಲ್ಲಿ. ತೆಲುಗಿನವರು ನಾಟಕ ಪಿತಾಮಹ ಅನ್ನುವ ಧರ್ಮವರಂ ರಾಮಕೃಷ್ಣಾಚಾರ್ಯರು ಸರಸ ವಿನೋದಿನಿ ಸಭೆ ಕಟ್ಟಿದ್ದು ಬಳ್ಳಾರಿಯಲ್ಲಿ. ಅವರ ಸೋದರಳಿಯ ಬಳ್ಳಾರಿ ರಾಘವ (1880–1946) ತೆಲುಗು, ಕನ್ನಡ, ಇಂಗ್ಲಿಷ್ ಮೂರರಲ್ಲೂ ಬಣ್ಣ ಹಚ್ಚಿದರು. ಕೋಲಾಚಲಂ ಶ್ರೀನಿವಾಸರಾಯರ ತೆಲುಗು ನಾಟಕದಲ್ಲಿ ಅವರ ಪಠಾಣ್ ರುಸ್ತುಂ ಪಾತ್ರಕ್ಕೆ ದೊಡ್ಡ ಹೆಸರು. ರಾಘವರ ಒಡನಾಟದಲ್ಲಿ ಬೆಳೆದ ಜೋಳದರಾಶಿ ದೊಡ್ಡನಗೌಡರು ಕನ್ನಡದ ನಟರಾದರು. ಆ ಕಡೆಯವರು ರಾಘವರನ್ನು ಪೂರ್ತಿ ತಮ್ಮವರೆಂದು ಹೊತ್ತೊಯ್ಯುತ್ತಾರೆ. ನಾವು ಕಟ್ಟಡಕ್ಕೆ ಹೆಸರಿಟ್ಟು ಕೈ ತೊಳೆದುಕೊಳ್ಳುತ್ತೇವೆ. ಎರಡೂ ಕಡೆಯವರಿಗೆ ಬೇಕಾದ್ದು ಅರ್ಧ ರಾಘವ.

ರಾಘವರೇ ಇವತ್ತು ಎದ್ದು ಬಂದು ಆ ಸ್ಪರ್ಧೆಯಲ್ಲಿ ಒಂದು ತೆಲುಗು ಮಾತಾಡಿದ್ದರೆ ಅವರಿಗೂ ಅಂಕ ಕಡಿತವೇ.

ಮುಂದಿನ ಸಲ ನಾಟಕ ಆಡುವ ಹುಡುಗ ಹುಡುಗಿಯರಿಗೆ ಹೇಳುತ್ತೇನೆ: ನಿಮ್ಮ ಮನೆಯಲ್ಲಿ ಅಪ್ಪ ತೆಲುಗಿನಲ್ಲಿ ಬೈದರೆ ಸ್ಟೇಜಿನ ಮೇಲೂ ತೆಲುಗಿನಲ್ಲೇ ಬೈಯಲಿ. ಅಂಕ ಹೋದರೆ ಹೋಗಲಿ. ಪಾತ್ರಧಾರಿ ಬೇಕಾದರೆ ನಮ್ಮ ಮನೆಗೆ ಬನ್ನಿ. ಅಪ್ಪನಿಗೆ ಮೊಣಕಾಲು ನೋವು, ಹೆಚ್ಚು ಹೊತ್ತು ನಿಲ್ಲಲಾರರು. ಕೂತು ಹಾಡುತ್ತಾರೆ.