ಹಳಿಯನ್ನು ಬಿಟ್ಟು ಬಂಡಿಯೆ?
ಪಾರಂಪರಿಕ ರೈಲು, ಅಂದರೆ ಸಾಗಣೆಗಿಂತ ಹೆಚ್ಚಾಗಿ ಹಳೆಯ ಪ್ರಯಾಣಕ್ರಮವನ್ನು ಜೀವಂತವಾಗಿಡಲು ಓಡಿಸುವ ರೈಲು, ನಿಂತುಹೋದಾಗ ಪ್ರವಾಸಿಗರ ಕೊರತೆಯನ್ನು ದೂರುವುದು ವಾಡಿಕೆಯಾದರೂ, ದಕ್ಷಿಣ ಆಫ್ರಿಕಾದ ಔಟೆನೀಕ್ವಾ ಚೂ ಚೂ ರೈಲಿನ ಗತಿ ಆ ವಿವರಣೆಗೆ ಒಗ್ಗುವುದಿಲ್ಲ. ಜಾರ್ಜ್‌ನಿಂದ ನೈಸ್ನಾವರೆಗೆ 1928ರಲ್ಲಿ ತೆರೆದ ಈ ಮಾರ್ಗವು ಕಾಡು, ಸರೋವರಗಳ ಅಂಚನ್ನು ಹಾದು, ಕೈಮನ್ಸ್ ನದಿ ಕಡಲು ಸೇರುವಲ್ಲಿ ಬಾಗಿ ನಿಂತ ಸೇತುವೆಯ ಮೇಲೆ ಉಗಿಬಂಡಿಯನ್ನು ದಾಟಿಸುತ್ತಿತ್ತು. ಆ ನೋಟಕ್ಕಾಗಿಯೇ ದೂರದೇಶಗಳಿಂದ ಜನ ಬರುತ್ತಿದ್ದರು. 2006ರ ಆಗಸ್ಟ್‌ನ ಮಳೆಗೆ ಗುಡ್ಡ ಕುಸಿದು ಹಳಿ ಹಾಳಾದಾಗ ರೈಲನ್ನು ಮಾಸೆಲ್ ಬೇ ಕಡೆಗಿನ ಮಾರ್ಗಕ್ಕೆ ತಿರುಗಿಸಲಾಯಿತೇ ಹೊರತು ಮೂಲಮಾರ್ಗದ ದುರಸ್ತಿ ವರ್ಷಗಟ್ಟಲೆ ನಡೆಯಲಿಲ್ಲ, 2010ರಲ್ಲಿ ಆ ಬದಲಿ ಓಡಾಟವೂ ನಿಂತಿತು. ಅದೇ 2010ರಲ್ಲಿ ಡಾರ್ಜಿಲಿಂಗ್ ಹಿಮಾಲಯನ್ ರೈಲುಮಾರ್ಗ ಪಗ್ಲಾಝೋರಾದಲ್ಲಿ ಭೂಕುಸಿತಕ್ಕೆ ತುಂಡಾಯಿತು. ಆದರೆ 1999ರಲ್ಲೇ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಇಡೀ ಮಾರ್ಗವೇ ಸೇರಿದ್ದರಿಂದ ಅದನ್ನು ಕೈಬಿಡುವುದು ಸುಲಭವಿರಲಿಲ್ಲ, ತಡವಾಗಿಯಾದರೂ 2015ರಲ್ಲಿ ಸಂಚಾರ ಪೂರ್ತಿಯಾಗಿ ಮರಳಿತು. ಜಾರ್ಜ್‌ನಲ್ಲಾದರೋ ಎಂಜಿನ್‌ಗಳು ಸಾರಿಗೆ ವಸ್ತುಸಂಗ್ರಹಾಲಯದ ಸೂರಿನಡಿ ಸುರಕ್ಷಿತವಾಗಿವೆ, ಅವು ಏರಿ ಇಳಿದ ದಾರಿ ಮಾತ್ರ ಗಿಡಗಂಟಿಗಳ ಪಾಲಾಯಿತು. ಇದನ್ನು ಸಂರಕ್ಷಣೆ ಎಂದು ಒಪ್ಪಲಾಗದು. ಮಳೆನಾಡಿನ ಇಂಥ ಮಾರ್ಗವನ್ನು ಪರಂಪರೆಯೆಂದು ಸಾರುವ ಸರ್ಕಾರಿ ಸಂಸ್ಥೆಯು ಮೊದಲ ಕುಸಿತಕ್ಕೆ ಕಾಯದೆ, ಸಾರಿದ ದಿನವೇ ದುರಸ್ತಿಯ ನಿಧಿಯನ್ನು ಪ್ರತ್ಯೇಕವಾಗಿ ತೆಗೆದಿಡಬೇಕಿತ್ತು.