ಆಕಾಶದಲ್ಲಿ ಸಪ್ಪೆ ಊಟ

ತಂಗಿಯ ಬಾಣಂತನಕ್ಕೆ ಲಂಡನ್ನಿಗೆ ಹೊರಟೆ. ನನ್ನ ಮಂಡಿನೋವಿಗೆಂದು ಅವಳ ಯಜಮಾನರು ಬಿಸಿನೆಸ್ ಕ್ಲಾಸ್ ಟಿಕೇಟನ್ನೇ ಕಳಿಸಿದ್ದರು. ಬೆಲೆ ಕೇಳಿ ಎದೆ ಧಸಕ್ಕೆಂದಿತು! ಆ ದುಡ್ಡಲ್ಲಿ ನಮ್ಮ ಅಡುಗೆಮನೆಗೆ ಹೊಸ ಕಲ್ಲು ಹಾಸಬಹುದಿತ್ತು.

ಕುರ್ಚಿಯೇ ಮಂಚವಾಯಿತು. ಬಿಸಿ ಟವಲು, ಪಿಂಗಾಣಿ ತಟ್ಟೆ. ಊಟ ಮಾತ್ರ ಸಪ್ಪೆ. ಅಡುಗೆಯವರದಷ್ಟೇ ತಪ್ಪಲ್ಲ ಕಣ್ರೀ. ವಿಮಾನದೊಳಗಿನ ಗಾಳಿ 6ರಿಂದ 8 ಸಾವಿರ ಅಡಿ ಬೆಟ್ಟದ ಮೇಲಿನಂತೆ ತೆಳು, ಮೇಲಾಗಿ ಒಣ. ನಾಲಿಗೆಗೆ ಉಪ್ಪು, ಸಿಹಿ ಮಂಕಾಗುತ್ತವೆ. ನಾನೋ, ಕೈಚೀಲದ ಚಟ್ನಿಪುಡಿ ಬಿಚ್ಚಿದೆ! ಪಕ್ಕದ ಸೂಟಿನ ಮಹನೀಯರೂ ಕೈ ಚಾಚಿದರೆನ್ನಿ.

ಮಂಚವಿದೆಯೆಂದು ಹತ್ತು ಗಂಟೆ ಬಿದ್ದುಕೊಳ್ಳಬೇಡಿ, ಕಾಲಲ್ಲಿ ರಕ್ತ ಹೆಪ್ಪುಗಟ್ಟೀತು. ಆಗಾಗ ಎದ್ದು ಓಡಾಡಿ, ನೀರು ಕುಡಿಯಿರಿ.

ನನಗಂತೂ ನಿದ್ದೆ ಹತ್ತಲಿಲ್ಲ. ಅಮ್ಮ ಇದ್ದಿದ್ದರೆ ಈ ಬಾಣಂತನ ಅವಳದು, ಈ ಮಂಚವೂ ಅವಳದೇ.